ಒಗರು ಹೋಗುವ ತನಕ

ಕುರೊಸೆ
ನವೆಂಬರ್ 3, 1974

ಪೂಜ್ಯ ಕಾಮಿಯಾ ಸೆನ್ಸೇ ಅವರಿಗೆ,

ಚಳಿ ಬಂದೇಬಿಟ್ಟಿತು. ಮೇಲಿನ ಮಹಡಿಯ ಕಿಟಕಿಗಳು ಸಮುದ್ರದ ಗಾಳಿಗೆ ದಿನವಿಡೀ ಗಡಗಡ ಅನ್ನುತ್ತಿವೆ. ನೀವು ಅಲ್ಲಿ ಕಾಗೊಶಿಮಾದ ಬಿಸಿಲಿನಲ್ಲಿ ತಂಗಿ ಹಾನಾ ಅವರ ಜೊತೆ ಕಿತ್ತಳೆ ಸುಲಿಯುತ್ತಾ, "ಪಾಪ, ನಮ್ಮ ಫುಮಿ ಮೂಗು ಒರೆಸಿಕೊಳ್ತಾ ಕೂತಿರ್ತಾಳೆ" ಅಂತ ಆಡಿಕೊಳ್ಳುತ್ತಿರುತ್ತೀರಿ. ಗೊತ್ತು ನನಗೆ.

ನಾನು ಪ್ರಾಂಶುಪಾಲೆ ಆಗಿ ಬೇಸಿಗೆ ಕಳೆಯಿತು, ಎಲೆ ಉದುರಿತು. ಆದರೂ ಈ ಕುರ್ಚಿ ನಿಮ್ಮದೇ. ಕೋಣೆಗೆ ಬರುವ ಹುಡುಗಿಯರು ನನಗಿಂತ ಮೊದಲು ನನ್ನ ತಲೆಯ ಮೇಲಿರುವ ನಿಮ್ಮ ಫೋಟೋಗೆ ತಲೆ ಬಗ್ಗಿಸುತ್ತಾರೆ. ಬೆಳಿಗ್ಗೆ ನಾನೂ ಬಗ್ಗಿಸುತ್ತೇನೆ ಅನ್ನಿ. ಕಾರಿಡಾರು ಒರೆಸುವಾಗ ಈಗಲೂ ಪ್ರಾಂಶುಪಾಲೆಯೇ ಮುಂದೆ, ಮಂಡಿಯೂರಿ, ಒದ್ದೆ ಬಟ್ಟೆ ಹಿಡಿದು. ಹಿಂದಿನಿಂದ ಹುಡುಗಿಯರು ನಗುವುದು ಕೇಳಿಸುತ್ತದೆ. ನಿಮ್ಮ ಹಿಂದೆ ಯಾರೂ ನಗುತ್ತಿರಲಿಲ್ಲ.

ಒಂದು ಸುದ್ದಿ ಇದೆ. ಮೊದಲ ವರ್ಷದ ಇಸೊಬೆ ಕಾಜುಯೊ ಅನ್ನುವ ಹುಡುಗಿ ಮೊನ್ನೆ ಬಂದು, "ಸೆನ್ಸೇ, ನಾನು ಕಾಲೇಜು ಬಿಡಬೇಕು" ಅಂದಳು. ಉಗಾಶಿ ಹಳ್ಳಿಯವಳು, ತಂದೆ ಬೊಂಡಾಸು ಮೀನು ಹಿಡಿಯುವ ದೋಣಿಯವರು. ಮಾತು ಕಡಿಮೆ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮಗು. ನೀವಿಲ್ಲದೆ ಇದು ನನಗೆ ಮೊದಲನೆಯದಲ್ಲವೇ! ನಿಮ್ಮ ಪದ್ಧತಿ ಚಾಚೂ ತಪ್ಪದೆ ಮಾಡಿದೆ. ಯಾಕೆ ಅಂತ ಕೇಳಲಿಲ್ಲ. ಚಾಕು ಕೊಟ್ಟೆ, ಹಿತ್ತಲಿನ ಮರದ ಒಗರು ಕಾಕಿ ಹಣ್ಣಿನ ಬುಟ್ಟಿ ಮುಂದಿಟ್ಟೆ.

"ಇದನ್ನ ಸುಲಿ, ಹಗ್ಗಕ್ಕೆ ಕಟ್ಟು, ಹಾಸ್ಟೆಲಿನ ಸೂರಿಗೆ ನೇತುಹಾಕು. ಒಗರು ಹೋಗಿ ಸಿಹಿಯಾದ ಮೇಲೆ ನಿನ್ನ ಹಣ್ಣು ನೀನು ತಿಂದು ಹೋಗು. ಆಗ ಯಾರೂ ತಡೆಯಲ್ಲ."

"ಎಷ್ಟು ದಿನ ಬೇಕಾಗುತ್ತೆ ಸೆನ್ಸೇ?"

"ಗಾಳಿ ಹೇಗೆ ಬೀಸುತ್ತೋ ಹಾಗೆ."

"ಬೇಗ ಒಣಗಿಸೋಕೆ ಏನಾದ್ರೂ ದಾರಿ ಇದೆಯಾ?"

ನಗು ಬಂತು, ತಡೆದುಕೊಂಡೆ. ಕೂತು ಅಚ್ಚುಕಟ್ಟಾಗಿ ಸುಲಿದಳು. ಸಿಪ್ಪೆ ಎಲ್ಲೂ ತುಂಡಾಗಲಿಲ್ಲ. ಇಂಥ ಕೈ ಇರುವವಳು ಉಳಿಯುತ್ತಾಳೆ ಅಂತ ನನ್ನ ಮನಸ್ಸು ಹೇಳುತ್ತಿದೆ. ಉಳಿಯಲೇಬೇಕು. ಆಡಳಿತ ಮಂಡಳಿಯ ಮುರಾಕೋಶಿ ಅವರು ಮುಂದಿನ ವರ್ಷದ ಪ್ರವೇಶದ ಕರಪತ್ರದಲ್ಲಿ "ನಮ್ಮಲ್ಲಿ ಸೇರಿದವಳು ನಡುವೆ ಬಿಟ್ಟಿದ್ದೇ ಇಲ್ಲ" ಅಂತ ದಪ್ಪಕ್ಷರದಲ್ಲಿ ಹಾಕಿಸಿದ್ದಾರೆ. ಹುಡುಗಿಯರೆಲ್ಲ ಊರು ಬಿಟ್ಟು ದೊಡ್ಡ ಪಟ್ಟಣದ ಕಾಲೇಜುಗಳಿಗೆ ಓಡುತ್ತಿರುವಾಗ ನಮ್ಮ ಹತ್ತಿರ ತೋರಿಸಿಕೊಳ್ಳಲು ಇರುವುದು ಅದೊಂದೇ.

ನಿಮ್ಮ ಶಿಷ್ಯೆ,
ಒನೊದೆರಾ ಫುಮಿ


ಕಾಗೊಶಿಮಾ
ನವೆಂಬರ್ 10, 1974

ಫುಮಿ,

ನಿನ್ನ ಕಾಗದ ಓದಿ ಎರಡು ಬಟ್ಟಲು ಚಹಾ ಹೆಚ್ಚಿಗೆ ಕುಡಿದೆ. ಹಾನಾ, "ಅಕ್ಕಾ, ಏನು ಹಬ್ಬವಾ?" ಅಂದಳು. "ಹೂಂ, ಹಬ್ಬವೇ" ಅಂದೆ.

ಫೋಟೋಗೆ ನಮಸ್ಕಾರ ಮಾಡೋದು ಬಿಡು ಮಾರಾಯ್ತಿ, ನಾನಿನ್ನೂ ಸತ್ತಿಲ್ಲ. ಹುಡುಗಿಯರು ನಗ್ತಾರೆ ಅಂತ ಅಳ್ತೀಯಲ್ಲ, ನನ್ನ ಹಿಂದೆ ನಗ್ತಿರಲಿಲ್ಲ ಅಂತ ಯಾರು ಹೇಳಿದ್ದು? ನನ್ನ ಕಿವಿ ಮಂದ, ಅಷ್ಟೇ.

ಕಾರಣ ಕೇಳದೆ ಇದ್ದೆಯಲ್ಲ, ಅದು ದೊಡ್ಡತನ. ಕೇಳಬೇಡ, ಎಂದಿಗೂ ಕೇಳಬೇಡ. ಕೇಳಿದರೆ ಹುಡುಗಿ ಒಂದೋ ಸುಳ್ಳು ಹೇಳಬೇಕು, ಇಲ್ಲ ಮನೆಯ ಮಾನ ತಂದು ನಿನ್ನ ಮೇಜಿನ ಮೇಲೆ ಸುರಿಯಬೇಕು. ಎರಡರಲ್ಲಿ ಯಾವುದಾದರೂ ಅವಳು ಮತ್ತೆ ನಿನ್ನ ಮುಖ ನೋಡಲ್ಲ. ಬೇರೆ ಕಡೆ ಪ್ರಾಂಶುಪಾಲರುಗಳು ಹುಡುಗಿಯನ್ನ ಕೂರಿಸಿಕೊಂಡು ಕೆದಕಿ ಕೆದಕಿ ಕೇಳ್ತಾರೆ. ಆಮೇಲೆ ಇಡೀ ಊರಿಗೆ ಗೊತ್ತಾಗುತ್ತೆ. ನಮ್ಮಲ್ಲಿ ಹಾಗಿಲ್ಲ. ಕೈಗೆ ಕೆಲಸ ಕೊಡು, ದಿನ ಕಳೆಯಲಿ. ಮನೆ ನೆನಪು ಅನ್ನೋದು ಹಣ್ಣಿನ ಒಗರಿನ ಹಾಗೆ, ಗಾಳಿಗೆ ತಾನೇ ಇಳಿಯುತ್ತೆ. ಎಲ್ಲ ಹುಡುಗಿಯರದೂ ಇಳಿದಿದೆ. ಕೊನೆಗೆ ಹಣ್ಣು ತಿಂದು, ನಾಚಿಕೊಂಡು, ಚಾಕು ವಾಪಸ್ ಕೊಟ್ಟು ತರಗತಿಗೆ ಹೋಗ್ತಾರೆ.

ಮುರಾಕೋಶಿಗೆ ಹೇಳು, ದಪ್ಪಕ್ಷರ ಅವನ ಅಂಗಡಿಯ ಸಾಕೆ ಮದ್ಯದ ಸೀಸೆಗಳ ಮೇಲೆ ಹಾಕಿಕೊಳ್ಳಲಿ ಅಂತ. ಕಾಲೇಜಿನ ಮರ್ಯಾದೆ ಕೂಗಿ ಮಾರೋದಲ್ಲ. ಆದರೆ ಆ ಮಾತು ನಿಜ ಅನ್ನೋದು ನನಗೆ ಹೆಮ್ಮೆಯೇ. ನಿನ್ನ ಕೈಯಲ್ಲಿ ಅದು ಸುಳ್ಳಾಗದಿರಲಿ.

ಕಿತ್ತಳೆ ಕಳಿಸಿದ್ದೇನೆ. ಆ ಹುಡುಗಿಗೂ ಒಂದು ಕೊಡು, ನನ್ನ ಹೆಸರು ಹೇಳಬೇಡ.

ಕಾಮಿಯಾ ಶಿಗೆ


ಕುರೊಸೆ
ನವೆಂಬರ್ 23, 1974

ಪೂಜ್ಯ ಸೆನ್ಸೇ,

ಕಿತ್ತಳೆ ಬಂತು. ಸ್ಟಾಫ್ ರೂಮಿನಲ್ಲಿ ಹಂಚಿದೆ, ಎಲ್ಲರೂ ಸಿಪ್ಪೆಯನ್ನು ಒಲೆಯ ಮೇಲಿಟ್ಟು ಇಡೀ ದಿನ ವಾಸನೆ ಕುಡಿದರು. ಇಸೊಬೆಗೂ ಕೊಟ್ಟೆ. ಎರಡೂ ಕೈ ಚಾಚಿ ತೆಗೆದುಕೊಂಡಳು, ತಿನ್ನಲಿಲ್ಲ, ಹೆಗಲ ಚೀಲದಲ್ಲಿ ಇಟ್ಟುಕೊಂಡಳು. ಮನೆಗೆ ಕಳಿಸುತ್ತಾಳೋ ಏನೋ.

ಅವಳದೊಂದು ತಮಾಷೆ ಕೇಳಿ. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಸೂರಿನ ಕೆಳಗೆ ನಿಲ್ಲುತ್ತಾಳೆ. ತನ್ನ ಹಣ್ಣುಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ನೋಡುತ್ತಾಳೆ. ಗಾಳಿ ಬೀಸುವ ಕಡೆಗೆ ಹಗ್ಗ ಬದಲಾಯಿಸುತ್ತಾಳೆ. ಹಾಸ್ಟೆಲ್ ವಾರ್ಡನ್ ನೆಗಿಶಿ, "ಮಕ್ಕಳನ್ನ ನೋಡ್ಕೊಂಡ ಹಾಗೆ ನೋಡ್ಕೊಳ್ತಾಳೆ" ಅಂತಾರೆ. ಅವಳಿಗೆ ಇಲ್ಲಿ ಬೇರು ಬಿಡುತ್ತಿದೆ ಅಂತ ನನಗೂ ಖುಷಿ.

ಹೀಗಿರುವಾಗ ಗುರುವಾರ ಮಧ್ಯಾಹ್ನ ಎಲ್ಲರೂ ಊಟ ಮುಗಿಸಿ ಕೂತಿದ್ದೆವು. ಬಾಗಿಲು ಸರಿಸಿ ಒಳಗೆ ಬಂದಳು. ತುಟಿ ಎಲ್ಲ ಬಿಗಿದುಕೊಂಡು, ಮುಖ ಸೊಟ್ಟಗಾಗಿ, ಕಣ್ಣಲ್ಲಿ ನೀರು.

"ಸೆನ್ಸೇ, ನನ್ನ ಹಣ್ಣೆಲ್ಲಾ ತಿಂದೆ. ಈಗ ಹೋಗಲಾ?"

ಅರ್ಧ ಒಣಗಿದ್ದ ಹಣ್ಣು, ಸೆನ್ಸೇ! ಪೂರ್ತಿ ಹಗ್ಗ! ನಾಲಿಗೆ ಮಡಚಲಾಗದೆ ಮಾತೇ ಹೊರಡುತ್ತಿರಲಿಲ್ಲ. ಸ್ಟಾಫ್ ರೂಮ್ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. "ಒಗರು ಹೋದ ಮೇಲೆ ಅಂದಿದ್ನಲ್ಲ ಮಗಳೇ" ಅಂದೆ. ಬಿಸಿ ಚಹಾ ಕುಡಿಸಿ, ಇನ್ನೊಂದು ಬುಟ್ಟಿ ಕೊಟ್ಟು ಕಳಿಸಿದೆ. ಬುಟ್ಟಿ ಎತ್ತಿಕೊಂಡು ಹೋದಳು. ಸಂಜೆ ಹೊತ್ತಿಗೆ ಅಷ್ಟೂ ಸುಲಿದು ಕಟ್ಟಿದ್ದಳು.

ಹೀಗೆ ಹಟ ಮಾಡುವವರೇ ಕೊನೆಗೆ ಗಟ್ಟಿಯಾಗಿ ನಿಲ್ಲುವುದು ಅಂತ ನೀವು ಹೇಳುತ್ತಿದ್ದಿರಿ.

ಫುಮಿ


ಕಾಗೊಶಿಮಾ
ನವೆಂಬರ್ 30, 1974

ಫುಮಿ,

ಅಯ್ಯೋ ಅಯ್ಯೋ! ನಾನು ನಕ್ಕ ಸದ್ದಿಗೆ ಹಾನಾ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದಳು. ನನ್ನ ಇಷ್ಟು ವರ್ಷದಲ್ಲಿ ಒಗರು ಹಣ್ಣು ಪೂರ್ತಿ ಹಗ್ಗ ತಿಂದವಳು ಒಬ್ಬಳೂ ಇರಲಿಲ್ಲ. ಪಾಪ, ಎರಡು ದಿನ ಹೊಟ್ಟೆ ಕಟ್ಟಿರುತ್ತೆ. ಸೊಪ್ಪಿನ ಸಾರು ಮಾಡಿಸಿ ಹಾಕು.

ಇಂಥ ಹುಡುಗಿಯನ್ನ ಬಿಡಬೇಡ. ಎರಡನೇ ವರ್ಷ ಅವಳನ್ನೇ ಹಾಸ್ಟೆಲಿನ ನಾಯಕಿ ಮಾಡು, ನೋಡ್ತಿರು, ಇಡೀ ಕಾಲೇಜು ಹೊತ್ತುಕೊಂಡು ಓಡ್ತಾಳೆ. ಇನ್ನೊಂದು ಬುಟ್ಟಿ ಕೊಟ್ಟಿದ್ದು ಸರಿ. ನಾನಾಗಿದ್ದರೆ ಎರಡು ಕೊಡ್ತಿದ್ದೆ.

ಮೊದಲ ಸಲ ನಿನ್ನ ಕಾಗದ ಪ್ರಾಂಶುಪಾಲೆಯ ಕಾಗದದ ಹಾಗಿತ್ತು. ನೆಮ್ಮದಿಯಾಯ್ತು ಕಣೇ.

ಶಿಗೆ


ಕುರೊಸೆ
ಡಿಸೆಂಬರ್ 19, 1974

ಪೂಜ್ಯ ಸೆನ್ಸೇ ಅವರ ಸನ್ನಿಧಿಗೆ,

ಹಿಮ ಬೀಳುತ್ತಿದೆ. ಹಿಮದ ಭಾರಕ್ಕೆ ಕೊಂಬೆ ಮುರಿಯದಿರಲಿ ಅಂತ ದಾರಿ ಪಕ್ಕದ ಪೈನ್ ಮರಗಳಿಗೆ ಹುಲ್ಲಿನ ಹಗ್ಗ ಕಟ್ಟಿಸಿದ್ದೇವೆ. ವರ್ಷದ ಕೊನೆಯ ಸ್ವಚ್ಛತೆಯ ಕೆಲಸ ಮುಗಿಯಿತು. ಶಿಕ್ಷಕರೆಲ್ಲ ಆರೋಗ್ಯವಾಗಿದ್ದಾರೆ.

ಇಸೊಬೆ ಕಾಜುಯೊ ಸದ್ಯಕ್ಕೆ ಊರಿಗೆ ಹೋಗಿದ್ದಾಳೆ. ತಮ್ಮ ಆರೋಗ್ಯ ಜೋಪಾನ.

ಒನೊದೆರಾ ಫುಮಿ


ಕಾಗೊಶಿಮಾ
ಜನವರಿ 9, 1975

ಫುಮಿ,

"ಸನ್ನಿಧಿ" ಅಂತೆ! ನಾನೇನು ದೇವಸ್ಥಾನವಾ? ಹೊಸ ವರ್ಷದ ಕಾರ್ಡ್ ಸಹ ಇಲ್ಲ. ನಿನ್ನ ಕಾರ್ಡ್ ಬರದ ಹೊಸ ವರ್ಷ ನನಗೆ ನೆನಪಿಲ್ಲ. ಅಂಚೆಯವನನ್ನ ನಾನು ಬೈದೆ, ಅವನು ಹಾನಾಗೆ ದೂರು ಕೊಟ್ಟ.

"ಸದ್ಯಕ್ಕೆ ಊರಿಗೆ ಹೋಗಿದ್ದಾಳೆ" ಅಂದರೆ ಏನರ್ಥ? ಹಣ್ಣು ಒಣಗುವ ಮೊದಲೇ ಬಿಟ್ಟೆಯಾ? ಅತ್ತಳು, ನೀನು ಕರಗಿದೆ, ಅಷ್ಟೇ ತಾನೇ! ನಿನ್ನ ಮನಸ್ಸು ಬೆಣ್ಣೆ ಅಂತ ಮೊದಲಿಂದ ಗೊತ್ತಿತ್ತು ನನಗೆ. ಅದಕ್ಕೇ ಕುರ್ಚಿ ಕೊಡುವಾಗ ಒಂದು ಗಳಿಗೆ ಹಿಂದೆ ಮುಂದೆ ನೋಡಿದ್ದೆ. ಯಾರೋ ಹುಡುಗ ಇರಬೇಕು, ದೋಣಿ ಕಡೆಯವನು. ಅಂಥದ್ದೂ ತಣ್ಣಗಾಗುತ್ತೆ. ಬಸ್ ಹತ್ತಿ ಹೋಗು, ಕರೆದುಕೊಂಡು ಬಾ. ಮಾರ್ಚ್ ಮುಗಿಯುವುದರೊಳಗೆ ಬರದಿದ್ದರೆ ಹೆಸರು ಹೊಡೆದುಹಾಕಬೇಕಾಗುತ್ತೆ, ಕಾಲೇಜು ಶುರುವಾದಾಗಿನಿಂದ ದಾಖಲಾತಿ ಪುಸ್ತಕದಲ್ಲಿ ಗೆರೆ ಬಿದ್ದಿಲ್ಲ.

ಕಟುವಾಗಿ ಬರೆದೆ ಅಂತ ಅಳಬೇಡ. ಹೋಗಿ ಕರೆದುಕೊಂಡು ಬಾ.

ಶಿಗೆ


ಕುರೊಸೆ
ಜನವರಿ 20, 1975

ಪೂಜ್ಯ ಸೆನ್ಸೇ,

ತಮ್ಮ ಮಾತು ಶಿರಸಾವಹಿಸಿ ಪ್ರಯತ್ನಿಸುತ್ತಿದ್ದೇನೆ. ಮೂರು ಬಾರಿ ಪತ್ರ ಬರೆದಿದ್ದೇನೆ, ಉತ್ತರವಿಲ್ಲ. ಪರೀಕ್ಷೆಗೆ ಬೇರೆ ದಿನ ಕೊಡುವುದಾಗಿ ತಿಳಿಸಿದ್ದೇನೆ. ಮುರಾಕೋಶಿ ಅವರು, "ಹುಡುಗಿ ಬರೋ ತನಕ ಯಾರ ಹತ್ರಾನೂ ಬಾಯಿ ಬಿಡಬೇಡಿ, ಕರಪತ್ರ ಅಚ್ಚಾಗಿ ಬಂದಿದೆ" ಅನ್ನುತ್ತಿದ್ದಾರೆ.

ಅವಳು ವಾಪಸ್ ಬರುವುದೊಂದೇ ಈಗ ನನ್ನ ಪ್ರಾರ್ಥನೆ. ಅವಳು ಬಂದರೆ ಎಲ್ಲ ಸರಿಹೋಗುತ್ತದೆ ಅಂತ ಅಲ್ಲ. ಆದರೂ ಬರಲಿ.

ಫುಮಿ


ಕಾಗೊಶಿಮಾ
ಜನವರಿ 28, 1975

ಫುಮಿ,

ನಿನ್ನ ಕಾಗದ ಹಾನಾ ಗಟ್ಟಿಯಾಗಿ ಓದಿದಳು, ನನ್ನ ಕನ್ನಡಕ ಒಡೆದಿತ್ತು. ಓದಿ ಮುಗಿಸಿ, "ಇವರು ಏನೋ ನುಂಗಿಕೊಂಡಿದ್ದಾರೆ ಅಕ್ಕಾ" ಅಂದಳು. ನನಗೂ ಹಾಗೇ ಅನ್ನಿಸಿತು. ಆದರೆ ನಾನು ಕೇಳಲ್ಲ. ನನ್ನ ಅಭ್ಯಾಸ ನಿನಗೆ ಗೊತ್ತು.

ಒಂದು ಮಾತ್ರ ಹೇಳ್ತೀನಿ. ನಿನ್ನ ಕೈಲಾಗದಿದ್ದರೆ ನಾನೇ ಆ ಹುಡುಗಿಗೆ ಬರೀತೀನಿ. ಉಗಾಶಿ, ಇಸೊಬೆ ಅಂತ ಹಾಕಿದರೆ ತಲುಪುತ್ತೆ. "ಹೇಡಿ ಹಾಗೆ ಓಡಿಹೋದೆಯಲ್ಲ, ನಿನ್ನ ಹಣ್ಣು ಸೂರಿನಲ್ಲಿ ಕಾಯ್ತಾ ಇದೆ" ಅಂತ ಬರೆದರೆ ರೋಷಕ್ಕಾದರೂ ಎದ್ದು ಬರ್ತಾಳೆ. ಅಂಥವರ ಜಾತಿ ನನಗೆ ಗೊತ್ತು.

ಶಿಗೆ


ಕುರೊಸೆ
ಫೆಬ್ರವರಿ 3, 1975

ಸೆನ್ಸೇ,

ಬರೆಯಬೇಡಿ. ಕೈ ಮುಗಿದು ಕೇಳಿಕೊಳ್ಳುತ್ತೇನೆ, ಅವಳಿಗೆ ಒಂದಕ್ಷರವನ್ನೂ ಬರೆಯಬೇಡಿ. ಬರೆದು ಹಾಕಿಬಿಟ್ಟಿದ್ದರೆ ಅಂಚೆ ಕಚೇರಿಗೆ ಹೋಗಿ ವಾಪಸ್ ತೆಗೆದುಕೊಳ್ಳಿ.

ನಿಮ್ಮಿಂದ ಮುಚ್ಚಿಟ್ಟೆ. ನಿಮ್ಮ ವಯಸ್ಸಿಗೆ ಇದು ಬೇಡ ಅಂದುಕೊಂಡೆ. ನಿಮ್ಮನ್ನು ನೋಯಿಸಬಾರದು ಅಂತ ನನಗೆ ನಾನೇ ಹೇಳಿಕೊಂಡೆ. ನಿಮ್ಮ ಕೊನೆಯ ಕಾಗದ ಓದಿದ ಮೇಲೆ ಇನ್ನು ಮುಚ್ಚಿಡಲಾರೆ.

ಡಿಸೆಂಬರ್ ಮೊದಲ ವಾರ ಬೆಳಿಗ್ಗೆ ಕಾರಿಡಾರು ಒರೆಸುತ್ತಿದ್ದೆವು. ನಾನು ಮುಂದೆ, ಹುಡುಗಿಯರು ಹಿಂದೆ. ನೆಗಿಶಿ ತಂತಿ ಹಿಡಿದು ಬಂದರು. ಇಸೊಬೆಯ ಹೆಸರಿಗೆ. ಮಂಡಿಯ ಮೇಲೆ ಕೂತಿದ್ದ ಹಾಗೇ ಬಿಚ್ಚಿ ಓದಿದಳು. ಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡಿ, ಮಡಚಿ ಅಂಚಿಗೆ ಹಾಕಿ, ನನ್ನ ಹತ್ತಿರ ಬಂದಳು.

"ಅಮ್ಮ ಹೋದರಂತೆ. ಈಗ ಹೋಗಬಹುದಾ ಸೆನ್ಸೇ?"

ಅನುಮತಿ ಕೇಳಿದಳು, ಸೆನ್ಸೇ. ನನ್ನನ್ನು ಅನುಮತಿ ಕೇಳಿದಳು.

ಅವಳ ತಾಯಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್. ಅಕ್ಟೋಬರ್ ಕೊನೆಗೆ ಚಿಕ್ಕಮ್ಮ ಕಾಗದ ಬರೆದಿದ್ದರಂತೆ, ಚಳಿಗಾಲ ದಾಟುವುದಿಲ್ಲ ಅಂತ. ತಾಯಿ ಮಾತ್ರ ಹಟ ಹಿಡಿದರಂತೆ, "ನನ್ನ ಕಾಯಿಲೆ ಸುದ್ದಿ ಕಾಲೇಜಲ್ಲಿ ಹೇಳಕೂಡದು, ಜನ ಅಯ್ಯೋ ಪಾಪ ಅನ್ನಕೂಡದು" ಅಂತ. ಆ ಹುಡುಗಿಗೆ ತಾಯಿಯ ಹತ್ತಿರ ಹೋಗಿ ಕೂರಬೇಕಿತ್ತು. ಅದಕ್ಕೆ ಕಾಲೇಜು ಬಿಡುತ್ತೇನೆ ಅಂದಳು. ಬೇಗ ಒಣಗಿಸೋಕೆ ದಾರಿ ಇದೆಯಾ ಅಂತ ಕೇಳಿದಳು. ಆ ಒಗರು ಹಣ್ಣನ್ನು ಕಣ್ಣೀರು ಹಾಕುತ್ತಾ ತಿಂದಳು. ನಾವು ನಕ್ಕೆವು. ನಾನು ಇನ್ನೊಂದು ಬುಟ್ಟಿ ಕೊಟ್ಟೆ. ಓಡಿಹೋಗಬಹುದಿತ್ತು, ಬಸ್ ಗೇಟಿನ ಮುಂದೆಯೇ ನಿಲ್ಲುತ್ತದೆ. ಆದರೆ ಪ್ರಾಂಶುಪಾಲೆ ಹೇಳಿದ ಮೇಲೆ ಓಡಿಹೋಗದ ಹುಡುಗಿಯರನ್ನೇ ಅಲ್ಲವೇ ನಾವು ತಯಾರು ಮಾಡುವುದು.

ಮಣ್ಣಿಗೆ ನಾನೂ ಹೋದೆ. ತಂದೆ ಬಾಗಿಲಲ್ಲಿ ನಿಂತು ನನಗೆ ತಲೆ ಬಗ್ಗಿಸಿ, "ಇಂಥ ಹೊತ್ತಿನಲ್ಲಿ ಮಗಳನ್ನ ಇಷ್ಟು ಚೆನ್ನಾಗಿ ನೋಡ್ಕೊಂಡಿದ್ದೀರಿ, ಉಪಕಾರ ಆಯ್ತು" ಅಂದರು. ಅವರಿಗೆ ಏನೂ ಗೊತ್ತಿಲ್ಲ. ಅವಳು ಮನೆಯಲ್ಲಿ ಹೇಳಿಲ್ಲ. ನಾನೂ ಹೇಳಲಿಲ್ಲ. ಕೊಟ್ಟ ಚಹಾ ಕುಡಿದು ಬಂದೆ. ಅವಳು ನನ್ನ ಕಡೆ ತಿರುಗಿ ನೋಡಲಿಲ್ಲ.

ಯಾಕಮ್ಮ ಹೋಗಬೇಕು ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಒಂದೇ ಮಾತು. ಕೇಳಬೇಡ ಅಂತ ನೀವು ಕಲಿಸಿದಿರಿ, ನಾನು ಕೇಳಲಿಲ್ಲ. ನನ್ನ ಮೇಲೆ ನನಗೆ ಸಿಟ್ಟು ದಿನವೂ ಇದೆ. ಇವತ್ತು ನಿಮ್ಮ ಮೇಲೆ ಇದೆ. ಬೆಳಿಗ್ಗೆ ನಿಮ್ಮ ಫೋಟೋ ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟೆ. ಸಂಜೆ ಹೆದರಿಕೆಯಾಗಿ ಮತ್ತೆ ತೂಗುಹಾಕಿದೆ.

ಕ್ಷಮಿಸಿ ಅಂತ ಬರೆಯಬೇಕು. ಇವತ್ತು ಬರೆಯಲಾಗುತ್ತಿಲ್ಲ.

ಫುಮಿ


ಕುರೊಸೆ
ಫೆಬ್ರವರಿ 24, 1975

ಸೆನ್ಸೇ,

ನಿಮ್ಮಿಂದ ಉತ್ತರವಿಲ್ಲ. ನನ್ನ ಕಾಗದ ತಲುಪಿದೆ ಅಂತ ಗೊತ್ತು. ನಿನ್ನೆ ಹಾನಾ ಅವರಿಗೆ ಫೋನ್ ಮಾಡಿದೆ, "ಅಕ್ಕ ಓದಿದ್ದಾರೆ" ಅಂದರು, ಅಷ್ಟೇ.

ಕಾಜುಯೊ ಇನ್ನೂ ಬಂದಿಲ್ಲ.

ಫುಮಿ


ಉಗಾಶಿ, ಬಂದರಿನ ತಂಗುಮನೆ
ಮಾರ್ಚ್ 8, 1975

ಫುಮಿ,

ಗುರುತು ಹಿಡಿದೆಯಾ ಎಲ್ಲಿಂದ ಬರೀತಿದ್ದೀನಿ ಅಂತ? ಹಾನಾ ಬಾಗಿಲಿಗೆ ಅಡ್ಡ ನಿಂತಳು. "ಈ ವಯಸ್ಸಲ್ಲಿ, ಈ ಚಳೀಲಿ, ಹುಚ್ಚು ಹಿಡಿದಿದೆಯಾ ಅಕ್ಕಾ?" ಅಂದಳು. ಹಿಡಿದಿದೆ ಅಂದೆ. ರೈಲಿನ ಮೇಲೆ ರೈಲು ಬದಲಾಯಿಸಿ, ಕೊನೆಗೆ ಮೀನಿನ ಲಾರಿಯಲ್ಲಿ ಡ್ರೈವರ್ ಪಕ್ಕ ಕೂತು ಬಂದೆ. ನಿನಗೆ ಹೇಳಿದ್ದರೆ ನೀನೂ ಬರ್ತಿದ್ದೆ. ನಿನ್ನ ಮುಂದೆ ನನಗೆ ಇದು ಆಗ್ತಿರಲಿಲ್ಲ.

ಮನೆ ಹುಡುಕೋದು ಕಷ್ಟವಾಗಲಿಲ್ಲ. ಒಳಗೆಲ್ಲ ಊದುಕಡ್ಡಿ ಹೊಗೆ, ಒಣ ಬೊಂಡಾಸಿನ ವಾಸನೆ. ತಾಯಿಯ ಫೋಟೋ ಮುಂದೆ ಕೂತು ಕೈ ಮುಗಿದೆ. ಚಿಕ್ಕ ವಯಸ್ಸು ಕಣೇ, ನಿನಗಿಂತ ಚಿಕ್ಕವಳು. ತಂದೆ ಚಹಾ ತರೋಕೆ ಎದ್ದರು. ನಾನು ಆ ಹುಡುಗಿ ಕಡೆ ತಿರುಗಿ, ಚಾಪೆಗೆ ಹಣೆ ಹಚ್ಚಿದೆ.

ಏಳಿ ಅನ್ನಲಿಲ್ಲ ಅವಳು. ನಾನೂ ಏಳಲಿಲ್ಲ. ಬೆನ್ನು ಕಿತ್ತುಬರ್ತಿತ್ತು.

"ನೀವು ಯಾರು?" ಅಂದಳು.

ನೋಡು. ನನ್ನ ಫೋಟೋಗೆ ನಮಸ್ಕಾರ ಮಾಡಿದ್ದಾಳೆ, ನನ್ನ ಮುಖ ಕಂಡಿದ್ದಾಳೆ, ಆದರೆ ಚಾಪೆ ಮೇಲೆ ಬಿದ್ದ ಮುದುಕಿಯನ್ನ ಗುರುತು ಹಿಡಿಯೋಕೆ ಆಗಲಿಲ್ಲ.

"ಕಾಮಿಯಾ ಶಿಗೆ. ಹಣ್ಣಿನ ಪದ್ಧತಿ ಮಾಡಿದವಳು ನಾನೇ. ಕಾರಣ ಕೇಳಬಾರದು ಅಂತ ಹೇಳಿಕೊಟ್ಟವಳೂ ನಾನೇ. ಒನೊದೆರಾ ಸೆನ್ಸೇ ನಾನು ಹೇಳಿದ ಹಾಗೆ ಮಾಡಿದರು, ಅಷ್ಟೇ. ಬೈಯೋದಿದ್ರೆ ನನ್ನ ಬೈಯಿ."

ಬೈಯಲಿಲ್ಲ. ಇಷ್ಟೇ ಕೇಳಿದಳು:

"ನಾನು ಕಾರಣ ಹೇಳಿದ್ರೆ ಬಿಡ್ತಿದ್ರಾ?"

"ಆ ಕ್ಷಣವೇ ಬಿಡ್ತಿದ್ದೆ. ಬಸ್ಸಿಗೆ ಕೂಡ ಕಾಯಿಸ್ತಿರಲಿಲ್ಲ, ಟ್ಯಾಕ್ಸಿ ತರಿಸ್ತಿದ್ದೆ."

"ನಾನಾಗೇ ಹೇಳಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೆ. ಯಾರಾದ್ರೂ ಕೇಳಿದ್ರೂ ಹೇಳಲ್ಲ ಅಂತ ಕೊಟ್ಟಿರಲಿಲ್ಲ. ಯಾರಾದ್ರೂ ಕೇಳ್ತಾರೆ ಅಂತ ದಿನಾ ಕಾದೆ."

ಆಗ ಅತ್ತಳು. ಗಟ್ಟಿಯಾಗಿ, ಚಿಕ್ಕ ಮಕ್ಕಳ ಹಾಗೆ. ತಂದೆ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ತಟ್ಟೆ ಕೆಳಗಿಟ್ಟು ನನ್ನ ಎದುರು ಕೂತು, ಆ ಮನುಷ್ಯ, ನನಗೇ ತಲೆ ಬಗ್ಗಿಸಿ, "ನಮ್ಮಿಂದ ತಮಗೆ ಇಷ್ಟು ದೂರ ತೊಂದರೆ ಆಯ್ತು" ಅಂದರು. ಫುಮಿ, ಒಂದು ಏಟು ಹೊಡೆದಿದ್ದರೆ ನಾನು ಬದುಕಿಕೊಳ್ತಿದ್ದೆ.

ಅವಳು ಬರಲ್ಲ. ಇನ್ನು ಬರೆಯಬೇಡ, ಪರೀಕ್ಷೆ ದಿನ ಅಂತ ಪೀಡಿಸಬೇಡ. ಹೆಸರು ಹೊಡೆದುಹಾಕು. ಬೊಂಡಾಸು ಒಣಗಿಸುವ ಷೆಡ್ಡಿನಲ್ಲಿ ಕೆಲಸಕ್ಕೆ ಹೋಗ್ತಿದ್ದಾಳೆ.

ನಾಳೆ ಬೆಳಿಗ್ಗೆ ಲಾರಿ ಇದೆ. ಕುರೊಸೆ ದಾರಿಯಲ್ಲೇ ಸಿಗುತ್ತೆ, ಆದರೆ ನಾನು ಇಳಿಯಲ್ಲ.

ಶಿಗೆ


ಕುರೊಸೆ
ಮೇ 14, 1975

ಸೆನ್ಸೇ,

ಮಾರ್ಚ್‌ನಿಂದ ನಾಲ್ಕು ಕಾಗದ ಹಾಕಿದ್ದೇನೆ. ನಿಮ್ಮಿಂದ ಒಂದೂ ಇಲ್ಲ. ಆದರೂ ಇದನ್ನು ಹೇಳದೆ ಇರಲಾರೆ.

ಮಾರ್ಚ್ ಕೊನೆಯ ದಿನ ಕಾಜುಯೊಳ ಹೆಸರಿನ ಮೇಲೆ ನಾನೇ ಗೆರೆ ಎಳೆದೆ. ಗುಮಾಸ್ತೆ ಎಳೆಯುತ್ತೇನೆ ಅಂದಳು, ಕೊಡಲಿಲ್ಲ. ಮುರಾಕೋಶಿ ಅವರು ಕರಪತ್ರ ಸುಡಿಸಲಿಲ್ಲ, "ಒಬ್ಬಳು ತಾನೇ, ತಾಯಿ ಸತ್ತಿದ್ದು ಲೆಕ್ಕಕ್ಕಿಲ್ಲ" ಅಂದರು.

ಹೋದ ವಾರ ಹೊಸ ಹುಡುಗಿ ಸುಗೆನೊ ತೊಕುಯೆ ಬಂದಳು. "ಕಾಲೇಜು ಬಿಡಬೇಕು ಸೆನ್ಸೇ" ಅಂದಳು. ಮಾತು ಬಾಯಿಗೆ ಬಂದು ವಾಪಸ್ ಹೋಯಿತು. ಯಾರದೋ ಮನೆಗೆ ಚಪ್ಪಲಿ ಕಾಲಲ್ಲೇ ನುಗ್ಗುತ್ತಿದ್ದೇನೆ ಅನ್ನಿಸಿತು. ಕೊನೆಗೂ ಕೇಳಿದೆ.

"ಯಾಕಮ್ಮ?"

ಕಣ್ಣು ಅಗಲ ಮಾಡಿ ನೋಡಿದಳು. "ಏನೂ ಇಲ್ಲ ಸೆನ್ಸೇ. ನಂಗಿಲ್ಲಿ ಹಿಡಿಸ್ತಿಲ್ಲ. ಗಾಳಿ ಸದ್ದಿಗೆ ತಲೆ ಚಿಟ್ಟು ಹಿಡಿಯುತ್ತೆ."

"ಮನೇಲಿ ಎಲ್ಲಾ ಚೆನ್ನಾಗಿದ್ದಾರಾ?"

"ಚೆನ್ನಾಗೇ ಇದ್ದಾರೆ. ಅಪ್ಪ ಬೈತಾರೆ ಅಷ್ಟೇ."

"ನಿಜವಾಗಿ ಅಷ್ಟೇನಾ?"

"ನಿಜವಾಗಿ ಅಷ್ಟೇ."

ದೊಡ್ಡ ಕಾರಣ ಏನೂ ಇರಲಿಲ್ಲ, ಸೆನ್ಸೇ. ಒಂದು ತಿಂಗಳು ತಡೆದಿದ್ದರೆ ಖಂಡಿತ ಉಳಿಯುತ್ತಿದ್ದಳು. ಆದರೂ ತಡೆಯಲಿಲ್ಲ. ಅವಳ ಪೆಟ್ಟಿಗೆ ಒಂದು ಕಡೆ ನಾನು ಹಿಡಿದು, ಇನ್ನೊಂದು ಕಡೆ ಅವಳು ಹಿಡಿದು, ಮಧ್ಯಾಹ್ನದ ಬಸ್ಸಿಗೆ ಹತ್ತಿಸಿದೆ. ಮೇಲಿನ ಕಿಟಕಿಗಳಲ್ಲಿ ಹುಡುಗಿಯರು ತುಂಬಿದ್ದರು. ಯಾರೂ ನಗಲಿಲ್ಲ.

ಸಂಜೆ ಮುರಾಕೋಶಿ ಬಂದು ಮೇಜು ಗುದ್ದಿದರು. "ಕಾಮಿಯಾ ಸೆನ್ಸೇ ಇದ್ದಿದ್ರೆ ಹೀಗಾಗ್ತಿತ್ತಾ?" ಅಂದರು. "ಆಗ್ತಿರಲಿಲ್ಲ" ಅಂದೆ. ಬರುವ ವರ್ಷ ಬೇರೆ ಪ್ರಾಂಶುಪಾಲರನ್ನು ನೋಡುತ್ತಾರಂತೆ. ನೋಡಲಿ. ಹೇಳುವುದಕ್ಕೆ ಹೀಗೆ ಹೇಳುತ್ತೇನೆ, ಮಲಗಿದರೆ ನಿದ್ದೆ ಬರುವುದಿಲ್ಲ. ಹೀಗೆ ಒಬ್ಬೊಬ್ಬರೇ ಹೋದರೆ ಈ ಕಾಲೇಜು ಉಳಿಯುವುದಿಲ್ಲ.

ಹಾನಾ ಅವರು ಫೋನಿನಲ್ಲಿ, "ಅಕ್ಕ ಚೆನ್ನಾಗಿದ್ದಾರೆ" ಅನ್ನುತ್ತಾರೆ. ಊಟ ಮಾಡುತ್ತಾರಂತೆ, ಅಂಗಳ ಗುಡಿಸುತ್ತಾರಂತೆ. ಹಾಗಾದರೆ ನನಗೆ ಯಾಕೆ ಬರೆಯುತ್ತಿಲ್ಲ ಸೆನ್ಸೇ? ನನ್ನ ಮೇಲೆ ಕೋಪವೇ? ಹುಷಾರಿಲ್ಲವೇ? ನಿಮ್ಮನ್ನು ಹೀಗೆ ಕೇಳುವಷ್ಟು ದೊಡ್ಡವಳು ನಾನಲ್ಲ. ಆದರೂ ಕೇಳುತ್ತಿದ್ದೇನೆ. ಯಾಕೆ?

ಫುಮಿ


ಕಾಗೊಶಿಮಾ
ಮೇ 27, 1975

ಫುಮಿ,

ಕೇಳಿದೆಯಲ್ಲ, ಹೇಳ್ತೀನಿ. ಕಾಯಿಲೆ ಏನಿಲ್ಲ. ಕೋಪ ಇಲ್ಲವೇ ಇಲ್ಲ. ನಾಚಿಕೆ. ಪೆನ್ನು ಹಿಡಿದು ನಿನ್ನ ಹೆಸರು ಬರೀತೀನಿ, ಮುಂದೆ ಕೈ ಓಡಲ್ಲ. ಅಂಥ ಕಾಗದಗಳು ಒಲೆಗೆ ಹೋಗಿವೆ. ನೀನು ಕೇಳದೆ ಇದ್ದಿದ್ದರೆ ಹೀಗೇ ಬರೀದೇ ಸತ್ತುಹೋಗ್ತಿದ್ದೆ.

ಆ ಗಾಳಿ ಸದ್ದಿನ ಹುಡುಗಿಯನ್ನ ಕಳಿಸಿದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ನಾನು ಇನ್ನು ಯಾರಿಗೂ ಬುದ್ಧಿ ಹೇಳಲ್ಲ. ಮುರಾಕೋಶಿಗೆ ಬೇಕಾದರೆ ನಾನು ಕಾಗದ ಹಾಕ್ತೀನಿ, ನನ್ನ ಮಾತು ಇನ್ನೂ ನಡೆಯುತ್ತೋ ನೋಡೋಣ.

ದಿನಾ ಬೆಳಿಗ್ಗೆ ಅಂಗಳ ಗುಡಿಸ್ತಾ ಹಳೆ ಹುಡುಗಿಯರ ಮುಖ ನೆನಪು ಮಾಡ್ಕೊಳ್ತೀನಿ. ಚಾಕು ಕೊಟ್ಟು ಕೂರಿಸಿದ ಒಬ್ಬೊಬ್ಬರದ್ದೂ. ಉಳಿದರು, ಉಳಿದರು ಅಂತ ಹಿಗ್ಗಿದೆ. ಯಾಕೆ ಬಂದಿದ್ದರು ಅಂತ ಒಬ್ಬರದೂ ಗೊತ್ತಿಲ್ಲ ನನಗೆ. ಮುಖ ನೆನಪಿದೆ, ಹೆಸರು ನೆನಪಿದೆ, ಅದೊಂದು ಗೊತ್ತಿಲ್ಲ.

ಯುದ್ಧಕ್ಕೆ ಮೊದಲು ಒಂದು ಮಧ್ಯಾಹ್ನ ಹದಿನೆಂಟು ವರ್ಷದವಳೊಬ್ಬಳು ನನ್ನ ಕೋಣೆಗೆ ಬಂದಳು. ಜಡೆ ಎರಡು, ಬೂಟು ಒದ್ದೆ. ಕಾಲೇಜು ಬಿಡಬೇಕು ಅಂದಳು. ಬುಟ್ಟಿ ಕೊಟ್ಟೆ. ಅವಳು ಸುಲಿದಳು, ಕಟ್ಟಿದಳು, ಒಣಗಿದ ಮೇಲೆ ತಿಂದಳು, ಚಾಕು ವಾಪಸ್ ಕೊಟ್ಟಳು. ಓದು ಮುಗಿಸಿದಳು, ಅಲ್ಲೇ ಪಾಠ ಮಾಡಿದಳು, ಮದುವೆಯಾಗಲಿಲ್ಲ, ಕಾಲೇಜಿನ ಆ ಗುಡ್ಡ ಇಳಿಯಲಿಲ್ಲ. ನನ್ನ ಕುರ್ಚಿಯಲ್ಲಿ ಅವಳನ್ನೇ ಕೂರಿಸಿ ಬಂದೆ.

ನೀನು ಯಾಕೆ ಹೋಗಬೇಕು ಅಂತಿದ್ದೆ, ಫುಮಿ?

ಶಿಗೆ